ಮುಕ್ತಾಯಕ್ಕೆ ಮೊದಲು ಬರುವ ಬಸ್ಸು

ಆಸಕ್ತಿ ಎಂಬ ಪದ ಕಿವಿಗೆ ಬಿದ್ದರೆ ಸಾಕು, ಸ್ವರ್ಣಲತಾಳಿಗೆ ಮೈಯೆಲ್ಲ ಉರಿಯುತ್ತದೆ. ಮೂಡಬಿದಿರೆಯ ಬಟ್ಟೆ ಅಂಗಡಿಯೊಂದರಲ್ಲಿ ಬೆಳಿಗ್ಗೆ ಒಂಬತ್ತರಿಂದ ನಿಂತೇ ಸೀರೆ ಬಿಡಿಸಿ, ಮತ್ತೆ ಮಡಚಿಡುವ ಕೆಲಸ ಅವಳದು. ವಯಸ್ಸು ಮೂವತ್ತೆಂಟು. ಶನಿವಾರ ಮಾತ್ರ ಯಜಮಾನರನ್ನು ಕಾಡಿಬೇಡಿ ಐದೂವರೆಗೆ ಹೊರಟು ಚೆಂಡೆ ತರಗತಿಗೆ ಓಡುತ್ತಾಳೆ. ಚೆಂಡೆಯ ಹುಚ್ಚು ಚಿಕ್ಕಂದಿನದು, ಕಲಿಯಲು ಸಿಕ್ಕಿದ್ದು ಎರಡು ವರ್ಷದಿಂದ.

ತರಗತಿ ಮುಗಿಯುವುದು ಏಳಕ್ಕೆ. ವೇಣೂರಿನ ಆಚೆ ಅವಳ ಊರಿನ ಒಳದಾರಿಗೆ ತಿರುಗುವ ಕಡೆಯ ಬಸ್ಸು ಆರೂ ಮುಕ್ಕಾಲಿಗೆ. ಆ ಕಾಲು ಗಂಟೆಯೇ ಅವಳ ಶನಿ. ಕೇಶವಪ್ರಸಾದ ಮಾಸ್ಟ್ರು ಪೆಟ್ಟುಗಳನ್ನೆಲ್ಲ ಬಿಡಿಬಿಡಿಯಾಗಿ ಹೇಳಿಕೊಟ್ಟು, ಮುಕ್ತಾಯವನ್ನು ಕಲಿಸುವುದು ಸರಿಯಾಗಿ ಆ ಹೊತ್ತಿಗೇ. ವಿಡಿಯೊ ಮಾಡಿಸಿಕೊಳ್ಳೋಣ ಎಂದರೆ ತರಗತಿಯೊಳಗೆ ಫೋನು ಕೂಡದು.

"ಆಸಕ್ತಿ ಇದ್ದವರು ಗಡಿಯಾರ ನೋಡುವುದಿಲ್ಲಮ್ಮ," ಎನ್ನುತ್ತಾರೆ ಮಾಸ್ಟ್ರು, ಪ್ರತಿ ಶನಿವಾರ, ತಪ್ಪದೆ.

ಅವರೇಕೆ ನೋಡಬೇಕು? ಅವರ ಮನೆ ಅದೇ ಕಟ್ಟಡದ ಮಹಡಿಯಲ್ಲಿದೆ, ಮೆಟ್ಟಿಲು ಹತ್ತಿದರೆ ಊಟ! ಜೊತೆಗೆ ಕಲಿಯುವ ಕಾಲೇಜು ಹುಡುಗಿ ಶ್ರಾವ್ಯಾ ಕೂಡ ಗಡಿಯಾರ ನೋಡುವುದಿಲ್ಲ. ಅವಳ ಪರವಾಗಿ ಅಮ್ಮ ಶ್ರೀಮತಿ ಹೊರಗೆ ಕಾರಿನಲ್ಲಿ ಕೂತು ನೋಡುತ್ತಿರುತ್ತಾರೆ. ಅವರ ಮನೆ ಸ್ವರ್ಣಲತಾ ಇಳಿಯುವ ಸ್ಟಾಪಿನಿಂದ ಎರಡು ತಿರುವು ಆಚೆ. ಕೈ ತೋರಿಸಿದಲ್ಲೆಲ್ಲ ನಿಲ್ಲುವ ಬಸ್ಸನ್ನು ಆ ಕಾರು ಶಿರ್ತಾಡಿ ದಾಟಿದ ಮೇಲೆ ಹಿಂದೆ ಹಾಕುತ್ತದೆ, ಹಿಂದಿನ ಸೀಟು ಖಾಲಿ. ಬರುತ್ತೀರಾ ಎಂದು ಅವರು ಕೇಳಿಲ್ಲ. ಬರಲೇ ಎನ್ನಲು ಇವಳಿಗೆ ಬಾಯಿ ಬಂದಿಲ್ಲ. ಶ್ರೀಮತಿ ಅಂಗಡಿಯ ದೊಡ್ಡ ಗಿರಾಕಿ. ಮೂವತ್ತು ಸೀರೆ ಬಿಡಿಸಿ ತೋರಿಸಿದ ಕೈಯಲ್ಲಿ ಅವರ ಕಾರಿನ ಬಾಗಿಲು ತಟ್ಟುವುದು ಹೇಗೆ?

ತರಗತಿಯ ವಾರ್ಷಿಕೋತ್ಸವದಲ್ಲಿ ಚೆಂಡೆ ಬಾರಿಸಲು ಒಬ್ಬರಿಗೆ ಅವಕಾಶವಿತ್ತು. ಒಂದು ಭಾನುವಾರ ಮಧ್ಯಾಹ್ನ ಪರೀಕ್ಷೆ. ಅದಕ್ಕಾಗಿ ಸ್ವರ್ಣಲತಾ ತಿಂಗಳಿಡೀ ಮಡಚಿಟ್ಟ ಸೀರೆಗಳ ಮೇಲೆ ಬೆರಳಲ್ಲೇ ಬಾರಿಸಿ, ಯಜಮಾನರಿಂದ ಬೈಸಿಕೊಂಡಿದ್ದಳು. ಅವತ್ತು ಬಾರಿಸಿದಳು ನೋಡಿ! ಮಾಸ್ಟ್ರ ತಲೆ ತಾನಾಗಿ ತೂಗಿತು, ಶ್ರಾವ್ಯಾ ಬಾಯಿ ಬಿಟ್ಟು ನಿಂತಳು. ಇನ್ನೇನು ಮುಕ್ತಾಯ ಅನ್ನುವಾಗ ಎರಡೂ ಕೋಲು ಗಾಳಿಯಲ್ಲೇ ನಿಂತವು.

"ಮುಂದೆ?" ಎಂದರು ಮಾಸ್ಟ್ರು.

"ಮುಂದೆ ಬಸ್ಸು, ಮಾಸ್ಟ್ರೆ."

ಎಲ್ಲರೂ ನಕ್ಕರು. ಅವಳು ತಮಾಷೆಗೆ ಹೇಳಿರಲಿಲ್ಲ. ಅವಕಾಶ ಶ್ರಾವ್ಯಾಳಿಗೆ ಹೋಯಿತು. "ಕೈ ಒಳ್ಳೆಯದುಂಟು, ಇನ್ನೂ ಸ್ವಲ್ಪ ಆಸಕ್ತಿ ಬೇಕು," ಎಂದರು ಮಾಸ್ಟ್ರು.

ಮಗಳನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ಬಸ್ಸಿನ ಮಾತು ಕೇಳಿಸಿಕೊಂಡಿದ್ದ ಶ್ರೀಮತಿ ಸ್ವರ್ಣಲತಾಳ ಕೈ ಹಿಡಿದುಕೊಂಡರು. "ಅಯ್ಯೋ, ನಾವು ಅದೇ ದಾರಿಯಲ್ಲಿ ಅಲ್ವಾ ಹೋಗುವುದು! ಒಂದು ಮಾತು ಹೇಳಬಾರದಿತ್ತಾ ಮಾರಾಯ್ತಿ?"

ಸ್ವರ್ಣಲತಾಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

"ಎರಡು ವರ್ಷ ಬಸ್ಸಿನ ಕಿಟಕಿಯಿಂದ ನಿಮ್ಮ ಕಾರು ನೋಡಿದ್ದೇನೆ ಅಕ್ಕ. ನೀವು ಒಂದು ಸಲವಾದರೂ ಬಸ್ಸಿನ ಕಡೆ ನೋಡಬಾರದಿತ್ತಾ?"

ಹೇಳಿದವಳೇ ಗಡಿಯಾರ ನೋಡಿದಳು. ಭಾನುವಾರ ಬಸ್ಸು ಇನ್ನೂ ಕಡಿಮೆ. ಚೀಲ ಎತ್ತಿಕೊಂಡು ಹೊರಟಳು.