ಮುಖ ನೋಡದ ಸರ್ಜನ್

ಪಾಲಿಬೆಟ್ಟದ ಶಿಬಿರದಲ್ಲಿ ಎಕ್ಸ್‌ರೇಗಳಿಗೆ ಹೆಸರಿನ ಚೀಟಿ ಅಂಟಿಸುವುದಷ್ಟೇ ನನ್ನ ಕೆಲಸ. ಅದರಲ್ಲೂ ಇಬ್ಬರು ಹುಡುಗಿಯರ ಚೀಟಿ ಅದಲುಬದಲು ಮಾಡಿದ ಮಹಾಪುರುಷ ನಾನು. ಒಬ್ಬಳ ಬೆನ್ನಿಗೆ ಬೆಲ್ಟ್ ಸಾಕಿತ್ತು, ಇನ್ನೊಬ್ಬಳಿಗೆ ಆಪರೇಷನ್ ಆಗಬೇಕಿತ್ತು.

ಮಕ್ಕಳ ಸೊಟ್ಟ ಬೆನ್ನಿನ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿದ್ದ ಆ ಸರ್ಜನ್ ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ತಿರುಗು ಮಗಾ" ಎನ್ನುತ್ತಿದ್ದರು, ಅಷ್ಟೆ. ಅವತ್ತು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದವರು ಎದ್ದು ಜಗಲಿಗೆ ಹೋದರು. ಸ್ವೆಟರ್ ಹಾಕಿಕೊಂಡು ಆ ಕಡೆ ಮುಖ ಮಾಡಿ ಕೂತಿದ್ದ ಹುಡುಗಿಯರ ಹಿಂದೆ ನಿಧಾನವಾಗಿ ನಡೆದು, ಒಬ್ಬಳ ಹತ್ತಿರ ನಿಂತರು.

"ಇದು ಇವಳದು. ಹೆಸರು ತಪ್ಪಿದೆ."

ಚೀಟಿ ಬದಲಿಸಿ, ಬೆರಳಿಗೆ ಅಂಟಿದ ಗಮ್ಮಿನ ಸಮೇತ ಹೊರಗೆ ಓಡಿದೆ.

ಸಂಜೆ ನರ್ಸಕ್ಕ ಹೇಳಿದರು: "ನೀ ಓಡೋದನ್ನೇ ಡಾಕ್ಟ್ರು ಹಿಂದಿಂದ ನೋಡ್ತಾ ನಿಂತಿದ್ರು ಕಣೋ. 'ನಾಳೆ ಇವನದೂ ಒಂದು ಎಕ್ಸ್‌ರೇ ತೆಗೀರಿ, ಚಿಕ್ಕವನಿದ್ದಾಗಲೇ ನೋಡ್ಬೇಕಿತ್ತು' ಅಂದ್ರು."