ಕೆಸರಿನಲ್ಲಿ ಬೆಳ್ಳಕ್ಕಿಯ ಹೆಜ್ಜೆ

ನಮ್ಮ ಮನೆಗೆ ಬಂದವರಿಗೆಲ್ಲ ಹೇಳುವ ಕಥೆಯೊಂದಿದೆ. ನನ್ನ ತಂಗಿ ಹುಟ್ಟುಕಿವುಡಿ. ಚಿಕ್ಕವಳಿದ್ದಾಗ ಬರೀ ಕೈ ಆಡಿಸುತ್ತಿದ್ದಳು. ಕಿವುಡ ಮಕ್ಕಳ ಶಾಲೆಗೆ ಹಾಕಿದ ಮೇಲೆ ಬಾಯಲ್ಲಿ ಮಾತು ಬಂತು, ಕೈಸನ್ನೆ ತಾನಾಗಿ ಮರೆತುಹೋಯಿತು. ಕೇಳಿದವರು ದೇವರು ದೊಡ್ಡವನು ಎಂದು ಕಾಫಿ ಕುಡಿದು ಹೋಗುತ್ತಾರೆ. ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಈ ಕಥೆಯನ್ನು ನಂಬದವಳು ನಾನೊಬ್ಬಳೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಒಂದೇ: ಎದುರಾಳಿಯ ವಾದದ ಭಾರವೆಲ್ಲ ಯಾವ ಮಾತಿನ ಮೇಲೆ ಕೂತಿದೆಯೋ ಅದನ್ನು ಹಿಡಿದು ಅಲ್ಲಾಡಿಸಬೇಕು. ಇಲ್ಲಿ ಆ ಭಾರ 'ತಾನಾಗಿ' ಎಂಬುದರ ಮೇಲೆ ಕೂತಿದೆ. ಅದನ್ನು ನಾನು ಒಪ್ಪುವುದಿಲ್ಲ.

'ಬರೀ ಕೈ ಆಡಿಸುತ್ತಿದ್ದಳು' ಎಂಬುದನ್ನೂ ಒಪ್ಪುವುದಿಲ್ಲ. ಆ ಕೈಗೆ ಅರ್ಥ ಕೊಟ್ಟವಳು ನಮ್ಮ ಅವ್ವ. ಅದು ಹೇಗೆ ಎಂದು ಮೊದಲು ಹೇಳುತ್ತೇನೆ.

ಕ್ವಾರ್ಟರ್ಸಿನ ಹಿಂದೆ ಹಳಿ ದಾಟಿದರೆ ಒಂದು ಸಣ್ಣ ಕಟ್ಟೆ. ಅವ್ವ ಬಟ್ಟೆ ಒಗೆಯಲು ಹೊರಟರೆ ತಂಗಿಯ ಜೊತೆಗೆ ಲೈನಿನ ಮನೆಗಳ ಚಿಳ್ಳೆಪಿಳ್ಳೆಗಳೆಲ್ಲ ಹಿಂದೆ ಬರುತ್ತಿದ್ದವು. ಅವಕ್ಕೆ ಕಪ್ಪೆ ತೋರಿಸಬೇಕು, ಬೆಳ್ಳಕ್ಕಿ ತೋರಿಸಬೇಕು. ತೋರಿಸುವುದಕ್ಕೆ ಅವು ಅಲ್ಲಿ ಇರಬೇಕಲ್ಲ? ತಂಗಿಗೆ ತನ್ನ ಸದ್ದು ತನಗೆ ಕೇಳದು. ಕಾಲು ಎಳೆದುಕೊಂಡು, ಗಂಟಲಲ್ಲಿ ಏನೋ ಗೊರಗುಟ್ಟಿಸುತ್ತ ಅವಳು ಏರಿ ಹತ್ತುವಷ್ಟರಲ್ಲಿ ಬೆಳ್ಳಕ್ಕಿ ಹಾರಿ, ಕಪ್ಪೆ ಮುಳುಗಿ, ಏಡಿ ಬಿಲ ಸೇರಿ ಆಗಿರುತ್ತಿತ್ತು. ಮಕ್ಕಳಿಗೆ ಸಿಟ್ಟು. ಇವಳನ್ನು ಕರೆತರಬೇಡಿ, ಎಲ್ಲವನ್ನೂ ಓಡಿಸುತ್ತಾಳೆ ಎಂದು ಅವ್ವನ ಹತ್ತಿರ ದಿನವೂ ದೂರು.

ಓಡಿಹೋದದ್ದನ್ನು ಬಿಟ್ಟು ಉಳಿದದ್ದನ್ನು ತೋರಿಸುವುದು ಅವ್ವನಿಗೆ ಆಗ ಹೊಳೆದದ್ದು. ನೀರಿನ ಅಂಚಿನ ಕೆಸರಿನಲ್ಲಿ ಬೆಳ್ಳಕ್ಕಿಯ ಹೆಜ್ಜೆ ಇರುತ್ತಿತ್ತು. ಅವ್ವ ಕುಕ್ಕುರುಗಾಲಲ್ಲಿ ಕೂತು, ಕಿರುಬೆರಳು ಮಡಚಿ, ಮೂರು ಬೆರಳು ಅಗಲಿಸಿ, ಹೆಬ್ಬೆರಳನ್ನು ಹಿಂದಕ್ಕೆ ಚಾಚಿ ಪಕ್ಕದಲ್ಲೇ ಒತ್ತುತ್ತಿದ್ದಳು. ಎರಡು ಹೆಜ್ಜೆ, ಒಂದು ಹಕ್ಕಿಯದು, ಒಂದು ಅವ್ವನದು. ಆಮೇಲೆ ಕಲ್ಲಿನ ಮೇಲೆ ಸುಣ್ಣ ಚೆಲ್ಲಿದಂಥ ಹಿಕ್ಕೆ, ಜೊಂಡಿಗೆ ಸಿಕ್ಕಿಕೊಂಡ ಬಿಳಿ ಪುಕ್ಕ. ಬಸವನಹುಳು ಹೋದ ದಾರಿಗೆ ಬೆರಳಿನ ಗೆಣ್ಣನ್ನು ಉದ್ದಕ್ಕೆ ಎಳೆಯುವುದು. ಏಡಿಯ ಬಿಲಕ್ಕೆ ತೋರುಬೆರಳು ಚುಚ್ಚಿ, ಸುತ್ತ ಮಣ್ಣಿನ ಗುಂಡು ಇಡುವುದು. ಆಮೆಗೆ ಎರಡು ಮುಷ್ಟಿ, ಒಂದಾದ ಮೇಲೊಂದು. ನೀರುಹಾವಿಗೆ ಅಂಗೈಯ ಅಂಚು.

ಇದೇ ಆಟವಾಯಿತು. ಒಬ್ಬರು ಕೆಸರಿನಲ್ಲಿ ಕೈ ಒತ್ತಿದರೆ ಉಳಿದವರು ಅದರ ನಿಜವಾದ ಗುರುತನ್ನು ಏರಿಯುದ್ದಕ್ಕೂ ಹುಡುಕಬೇಕು. ಹುಡುಕುವುದರಲ್ಲಿ ತಂಗಿಯನ್ನು ಮೀರಿಸಿದವರಿಲ್ಲ. ದೂರು ಹೇಳುತ್ತಿದ್ದ ಮಕ್ಕಳೇ ಅವಳು ನಮ್ಮ ಕಡೆಗೆ, ನಮ್ಮ ಕಡೆಗೆ ಎಂದು ಜಗಳವಾಡತೊಡಗಿದರು.

ಕೆಸರಿನ ಕೈ ಮನೆಯೊಳಗೂ ಬಂತು. ಗಾಳಿಯಲ್ಲಿ ಎರಡು ಮುಷ್ಟಿ ಮುಂದಿಟ್ಟರೆ ಅಪ್ಪ, ಏಕೆಂದರೆ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಕೆಲಸ ಮುಗಿಸಿ ಲಾಂದ್ರ ಹಿಡಿದು ಅವನು ಬರುತ್ತಿದ್ದದ್ದು ಆಮೆಯ ಹಾಗೆಯೇ. ಯಾರ ಮನೆಯಲ್ಲಿ ಏನು ಸಿಗುತ್ತದೆಂದು ಕೈ ಚಾಚಿಕೊಂಡೇ ಬರುವ ಪಕ್ಕದ ಮನೆಯಾಕೆ ಏಡಿ. ನಾನು ಹಾವು, ನಾಲಗೆಯ ದೆಸೆಯಿಂದ ಅಂತೆ. ಅವ್ವ ಬೆಳ್ಳಕ್ಕಿ. ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಲ್ಲುವವಳು ಅವಳೊಬ್ಬಳೇ ತಾನೇ. ಈ ಹೆಸರುಗಳನ್ನೆಲ್ಲ ಇಟ್ಟವಳು ತಂಗಿ. ಮೂರು ಬೆರಳು ಅಗಲಿಸಿ ಅವಳು ಬಾಗಿಲಲ್ಲಿ ನಿಂತರೆ ಒಲೆಯ ಮುಂದಿದ್ದ ಅವ್ವ ಸೌಟು ಬಿಟ್ಟು ಅದೇ ಕೈಯನ್ನು ಎತ್ತಿ ತೋರಿಸುತ್ತಿದ್ದಳು. ಕರೆದದ್ದಕ್ಕೆ ಓಗೊಟ್ಟಂತೆ.

ಬೇರೆ ಜಿಲ್ಲೆಯಲ್ಲೊಂದು ಶಾಲೆಯಿದೆ, ಅಲ್ಲಿ ಕಿವುಡು ಮಕ್ಕಳಿಗೆ ಬಾಯಿಮಾತು ಬರಿಸುತ್ತಾರೆ ಎಂದು ಅಪ್ಪನಿಗೆ ಸ್ಟೇಷನ್ನಿನಲ್ಲಿ ಯಾರೋ ಹೇಳಿದರು. ಅಲ್ಲಿ ಕೈ ಬಳಸಲು ಬಿಡುವುದಿಲ್ಲ ಎಂದೂ ತಿಳಿಯಿತು. ನಾನು ಆಗಷ್ಟೇ ಚಿತ್ರದುರ್ಗದ ಕಾಲೇಜಿಗೆ ಸೇರಿದ್ದೆ, ಎದ್ದು ನಿಂತು ವಾದಿಸಿದೆ.

"ನೀನು ದಿನಾ ಬಾವುಟದಾಗೇ ರೈಲು ನಿಲ್ಲಿಸ್ತೀಯಲ್ಲಪ್ಪ, ಬಾಯಿಬಿಟ್ಟು ಹೇಳು ಅಂತಾನಾ ಡ್ರೈವರು?"

ಅಪ್ಪ ಬಾವುಟ ಸುತ್ತಿ ಮೂಲೆಗಿಟ್ಟ. "ರೈಲಿಗೆ ಮದ್ವೆ ಮಾಡಂಗಿಲ್ಲ ಕಣವ್ವ."

ಅವ್ವ ನಕ್ಕಳು, ಆಮೇಲೆ ಅತ್ತಳು. ಅಲ್ಲಿಗೆ ಚರ್ಚೆ ಮುಗಿಯಿತು. ಮನೆಗಳಲ್ಲಿ ತೀರ್ಪುಗಾರರಿರುವುದಿಲ್ಲ.

ಸೇರಿಸಿ ಬರಲು ಹೋದಾಗ ಅಲ್ಲಿನ ಟೀಚರು ಅವ್ವನಿಗೆ ತಿಳಿಹೇಳಿದ್ದರು. ರಜಕ್ಕೆ ಬಂದಾಗ ಮನೆಯಲ್ಲಿ ಯಾರೂ ಕೈ ಆಡಿಸಬಾರದು. ಮಗು ಕೈ ತೋರಿಸಿದರೆ ಕಾಣದವರಂತೆ ಇರಬೇಕು. ಬಾಯಿ ತೆರೆಯುವ ತನಕ ಕಾಯಬೇಕು. ತಾಯಿ ಕರಗಿದರೆ ಕಲಿಸಿದ್ದೆಲ್ಲ ನೀರುಪಾಲು. ಔಷಧಕ್ಕೆ ಪಥ್ಯ ಹಿಡಿದಂತೆ ಅವ್ವ ಇದನ್ನು ಹಿಡಿದಳು.

ಮೊದಲ ರಜಕ್ಕೆ ಬಂದ ತಂಗಿ ಪ್ಲಾಟ್‌ಫಾರ್ಮಿನಲ್ಲಿ ಇಳಿದು, ತುಟಿ ಬಿಗಿದು ಬಿಡಿಸಿ, "ಅಮ್ಮ" ಎಂದಳು. ನಮ್ಮ ಮನೆಯಲ್ಲಿ ನಾವು ಕರೆಯುವುದು ಅವ್ವ ಎಂದು. ಯಾರಿಗೆ ಬೇಕು ಆ ತಕರಾರು? ಲೈನಿಗೆಲ್ಲ ಸಕ್ಕರೆ ಹಂಚಿದರು.

ಮಾರನೆಯ ಬೆಳಿಗ್ಗೆ ಅವ್ವ, ತಂಗಿ, ನಾನು ಮೂವರೂ ಕಟ್ಟೆಗೆ ಹೋದೆವು. ನೀರು ಹಿಂದೆ ಸರಿದು ಕೆಸರು ಹದವಾಗಿತ್ತು. ಏರಿಯಿಂದ ಇಳಿದವಳೇ ತಂಗಿ ಬೆಳ್ಳಕ್ಕಿಯ ಹೆಜ್ಜೆ ಕಂಡು ಕೂತಳು. ಕಿರುಬೆರಳು ಮಡಚಿದಳು, ಪಕ್ಕದಲ್ಲಿ ಕೈ ಒತ್ತಿದಳು, ಅವ್ವನ ಮುಖ ನೋಡಿದಳು. ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಅವಳ ಬಾಯನ್ನೇ ನೋಡುತ್ತ ನಿಂತಳು. ತಂಗಿ ಇನ್ನೊಮ್ಮೆ ಒತ್ತಿದಳು, ಈ ಸಲ ಬಲವಾಗಿ. ಗುರುತಿನೊಳಗೆ ನೀರು ಒಸರಿತು. ಆ ಕೆಸರುಗೈಯನ್ನು ಎತ್ತಿ ತೋರಿಸಿದಳು. ಅವ್ವನ ಸೆರಗು ಒಳಗಿನಿಂದ ಒಂದು ಸಲ ಅಲುಗಿತು. ಕೈ ಹೊರಗೆ ಬರಲಿಲ್ಲ.

ಕೊನೆಗೆ ತಂಗಿ, "ಅಮ್ಮ" ಎಂದಳು.

ಅವ್ವ ಕಣ್ಣು ತುಂಬಿಕೊಂಡು ನನ್ನ ಕಡೆ ತಿರುಗಿ, "ನೋಡ್ದೇನೇ, ಇಲ್ಲಿಗೆ ಬಂದ್ರೂ ಬಾಯಾಗೇ ಕರೀತಾಳೆ" ಎಂದಳು. ಅವಳು ನನ್ನನ್ನು ನೋಡುತ್ತಿದ್ದಾಗಲೇ ತಂಗಿ ಎದ್ದು ಹಿಮ್ಮಡಿಯಿಂದ ಕೆಸರು ಉಜ್ಜಿದಳು. ತನ್ನ ಕೈಯ ಗುರುತು ಹೋಯಿತು, ಹಕ್ಕಿಯದೂ ಹೋಯಿತು. ಆಮೇಲೆ ಯಾವ ರಜದಲ್ಲೂ ಅವಳು ಕಟ್ಟೆಗೆ ಬರಲಿಲ್ಲ. ಕರೆದರೆ ಬಾಗಿಲ ಮೆಟ್ಟಿಲ ಮೇಲೆ ಕೂತು ತಲೆ ಅಲ್ಲಾಡಿಸುತ್ತಾಳೆ. ಅನ್ನ, ನೀರು, ಸಾಕು, ಅಮ್ಮ, ಅಕ್ಕ. ಅವಳಿಗೆ ಬಂದ ಮಾತು ಇಷ್ಟು. ಅದೂ ಮನೆಯವರಿಗಷ್ಟೇ ತಿಳಿಯುವುದು. ಬೆಳ್ಳಕ್ಕಿ ಹಾರಿದ್ದನ್ನು ಹೇಳಲು ಅದರಲ್ಲಿ ಏನೂ ಇಲ್ಲ.

ಮರೆತಳೆಂದೇ ಎಲ್ಲರ ತೀರ್ಮಾನ. ಸಾಕ್ಷಿಯಿಲ್ಲದೆ ವಾದ ಮಾಡಬಾರದೆಂದು ನಾನೂ ಸುಮ್ಮನಿದ್ದೆ. ಈ ಬೇಸಿಗೆ ಅಪ್ಪನಿಗೆ ರಜ ಸಿಗದೆ, ಅವಳನ್ನು ಕರೆತರಲು ನಾನು ಹೋದೆ. ಶಾಲೆಯ ಅಡಿಗೆಮನೆಯ ಹಿಂದೆ ಒಗೆಯುವ ಕಲ್ಲಿನ ಸುತ್ತ ಹುಡುಗಿಯರು ಕೂತಿದ್ದರು. ಟೀಚರು ಯಾರೂ ಇರಲಿಲ್ಲ. ನಡುವೆ ನನ್ನ ತಂಗಿ. ಲಂಗ ಎತ್ತಿ ಸಿಕ್ಕಿಸಿ, ಇಲ್ಲದ ಬಟ್ಟೆಯನ್ನು ಕಲ್ಲಿಗೆ ಬಡಿದು, ನೀರಿನಲ್ಲಿ ನಡೆದಂತೆ ಕಾಲೆತ್ತಿ ಇಟ್ಟು, ಮೂರು ಬೆರಳು ಅಗಲಿಸಿ ಮೇಲೆತ್ತಿದಳು. ಎದುರಿಗಿದ್ದ ಹುಡುಗಿಯರೆಲ್ಲ ಅದೇ ಕೈಯನ್ನು ಎತ್ತಿ ತೋರಿಸಿದರು. ಅವರಿಗೆಲ್ಲ ನಮ್ಮ ಅವ್ವ ಗೊತ್ತಿದ್ದಳು.

ನನ್ನನ್ನು ಕಂಡ ಕೂಡಲೇ ತಂಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು, ಪಾಠ ಒಪ್ಪಿಸುವಂತೆ, "ಅಕ್ಕ" ಎಂದಳು.

ರೈಲಿನಲ್ಲಿ ಎದುರುಬದುರು ಕೂತೆವು. ಕಿಟಕಿಯ ಸರಳಿನ ಹತ್ತಿರ ನಾನು ಬೆಳ್ಳಕ್ಕಿಯ ಕೈ ಮಾಡಿದೆ. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮುಂದಕ್ಕೆ ಬಾಗಿ, ಚಿಕ್ಕ ಮಗುವಿನ ಕೈಯಿಂದ ಏನೋ ಬಿಡಿಸುವವಳಂತೆ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮಾಡಿ, ನನ್ನ ತೊಡೆಯ ಮೇಲಿಟ್ಟಳು. ಸಿಟ್ಟಿರಲಿಲ್ಲ. ಅದು ನಮ್ಮ ಜೊತೆ ಆಡುವ ಮಾತಲ್ಲ ಎಂದು ಅವಳು ತೀರ್ಮಾನಿಸಿ ಎಷ್ಟೋ ಕಾಲವಾಗಿತ್ತು.

ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ತಂಗಿ ಮೆಟ್ಟಿಲ ಮೇಲೆ ನಮಗೆ ಬೆನ್ನು ಹಾಕಿ ಕೂತಿದ್ದಳು.

"ಮರ್ತಾಳೆ ಬಿಡವ್ವ," ಎಂದಳು ಅವ್ವ. "ನೀನು ಇಲ್ಲದ್ದೆಲ್ಲ ಕಾಣ್ತೀಯ."

ಹುಡುಗಿಯರು ಎತ್ತಿದ ಕೈಯನ್ನು ಇನ್ನೊಮ್ಮೆ ವಿವರಿಸಿದೆ. ಅವ್ವ ತಲೆಯೆತ್ತಲಿಲ್ಲ. ಅಕ್ಕಿಯ ಮೇಲೆ ಅವಳ ಬೆರಳುಗಳು ಮಾತ್ರ ನಿಂತುಹೋದವು. ವಾದವನ್ನು ಅಲ್ಲಿಗೆ ಬಿಟ್ಟೆ. ಕೇಳುವುದು ಒಂದೇ ಉಳಿದಿತ್ತು, ಕೇಳಿದೆ:

"ಅವತ್ತು ಕಟ್ಟೆತಾವ ಸೆರಗಿನೊಳಗೆ ನಿನ್ನ ಕೈ ಹೆಂಗಿತ್ತವ್ವ?"