ಹುಣಸೆಮರದ ಸ್ಟಾಪು

ಸತ್ತವರು ಸುಳಿಯುತ್ತಾರೆ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಅಂಥ ಮಾತಿನಲ್ಲಿ ನನಗೆ ನಂಬಿಕೆ ಇರಲಿಲ್ಲ. ಈಗ ಇದೆ ಎಂದೂ ಹೇಳಲಾರೆ. ಆದರೆ ಮಕ್ಕಳೇ, ಒಂದು ಸಂಗತಿಯನ್ನು ನಿಮಗೆ ಬರೆದಿಡಬೇಕು. ಬಾಯಿಂದ ಹೇಳಲು ನನಗೆ ನಾಚಿಕೆ.

ಆಗ ನಾವು ಗೋವಾದ ಕೆಪೆಯಲ್ಲಿದ್ದೆವು. ನಿಮ್ಮ ಅಜ್ಜ ತೀರಿಕೊಂಡು ಮೂರು ವರ್ಷವಾಗಿತ್ತು. ನಿಮ್ಮ ಅವ್ವ ಮನೆಯಲ್ಲೇ ಕೂತು ವೆರ್ಣಾದ ಒಂದು ಕಾರ್ಖಾನೆಗೆ ಸಾಫ್ಟ್‌ವೇರ್ ಮಾಡುತ್ತಿದ್ದಳು. ಕಂಪನಿ ಬಸ್ಸು ಯಾವ ಸ್ಟಾಪಿಗೆ ಎಷ್ಟು ಗಂಟೆಗೆ ಬರುತ್ತದೆಂದು ಅದು ದಿನಾ ಬೆಳಿಗ್ಗೆ ಕೆಲಸಗಾರರ ಮೊಬೈಲಿಗೆ ತಿಳಿಸಬೇಕು. ಸೋಮವಾರವೇ ಶುರುವಾಗಬೇಕೆಂದು ಅವರ ಒತ್ತಾಯ.

ಪರೀಕ್ಷೆಗೆ ಕೆಲವು ಸುಳ್ಳು ಹೆಸರು ಬೇಕಾಗಿದ್ದವು. “ಯಾವದರ ಒಂದು ಹೆಸರು ಹಾಕವ್ವಾ, ನಿನ್ನ ನಂಬರ್ ಹಾಕು. ಆಮ್ಯಾಲೆ ಅಳಸ್ತೇನಿ,” ಎಂದಳು. ಗಂಡನ ಹೆಸರನ್ನು ನಾನು ಎಂದೂ ಬಾಯಲ್ಲಿ ಹೇಳಿದವಳಲ್ಲ. ಅಂದು ಬೆರಳಿನಿಂದ ಒತ್ತಿದೆ. ಸ್ಟಾಪಿನ ಪಟ್ಟಿಯಲ್ಲಿ ಮೊದಲಿಗಿದ್ದ ‘ಮಾರ್ಕೆಟ್’ ಆರಿಸಿದೆ.

ಅವಳು ನೋಡಿ ನಕ್ಕಳು. “ಅಪ್ಪಗ ಮತ್ತ ಡ್ಯೂಟಿ ಹಚ್ಚಿದೇನ?”

ರವಿವಾರ ಆ ಹೆಸರುಗಳನ್ನೆಲ್ಲ ಅಳಿಸಿದಳು. ಇನ್ನೆರಡು ದಿನ ಪರೀಕ್ಷಿಸಿ ನೋಡಬಾರದೇ ಎಂದು ಕೇಳಿದೆ. “ಮೊದಲ ಚಾಲೂ ಆಗ್ಲಿ, ತಪ್ಪಿದ್ರ ತಿದ್ದೂಣು,” ಎಂದಳು.

ಸೋಮವಾರ ಬೆಳಿಗ್ಗೆ ಚಹಾಕ್ಕೆ ನೀರಿಡುವಾಗ ನನ್ನ ಮೊಬೈಲಿಗೆ ಮೆಸೇಜು ಬಂತು. ಮೇಲೆ ಅವರ ಹೆಸರು. ಕೆಳಗೆ, ‘ನಿಮ್ಮ ಬಸ್ಸು 6.40ಕ್ಕೆ, ಹುಣಸೆಮರ.’

ನಿಮ್ಮ ಅಜ್ಜ ಕೆಲಸಕ್ಕೆ ಹೋಗಲು ಬಸ್ಸು ಕಾಯುತ್ತಿದ್ದದ್ದು ಆ ಮರದ ಕೆಳಗೆ, ಅದೇ ಹೊತ್ತಿಗೆ. ಅವರು ತೀರಿಕೊಂಡ ವರ್ಷವೇ ರಸ್ತೆ ಅಗಲ ಮಾಡಲು ಮರ ಕಡಿದಿದ್ದರು. ಸೆರಗು ಹೊದ್ದುಕೊಂಡು ಅಲ್ಲಿಗೆ ಹೋಗಿ ನಿಂತೆ. ಯಾರೂ ಇರಲಿಲ್ಲ, ಯಾವ ಬಸ್ಸೂ ಬರಲಿಲ್ಲ.

ನಿಮ್ಮ ಅವ್ವನಿಗೆ ಹೇಳಬೇಕಿತ್ತು. ಹೇಳಿದರೆ ಅವಳು ಸರಿಪಡಿಸಿಬಿಡುತ್ತಾಳೆ, ಮರುದಿನ ಆ ಹೆಸರು ಬರುವುದಿಲ್ಲ. ಸುಮ್ಮನಾದೆ. ಮಂಗಳವಾರ ಬಂತು, ಬುಧವಾರವೂ ಬಂತು. ನಾನು ಬೇಗ ಎದ್ದು ಕಾಯತೊಡಗಿದ್ದೆ.

ಗುರುವಾರ, ರೇಣವ್ವ ಎಂಬ ಕಾರ್ಖಾನೆಯ ಕೆಲಸಗಾರ್ತಿಗೆ ತಪ್ಪು ಸ್ಟಾಪು ಬಂತು. ಆಕೆ ಹಿಂದಿನ ದಿನವಷ್ಟೇ ಮನೆ ಬದಲಿಸಿದ್ದಳು. ಹಳೆಯ ಸ್ಟಾಪು ಅಳಿಸಿ ಹೊಸದು ಹಾಕಿದ್ದರೂ ಮೆಸೇಜಿನಲ್ಲಿ ಹಳೆಯದೇ ಇತ್ತು. ಬಸ್ಸಿನ ದಾರಿಯೇ ಬದಲಾಗಿರಬೇಕು ಎಂದುಕೊಂಡು ಅಲ್ಲಿಗೆ ನಡೆದಳು. ಬಸ್ಸು ಬರಲಿಲ್ಲ. ಹಾಜರಿ ತಪ್ಪುತ್ತದೆಂದು ಯಾರದೋ ಸ್ಕೂಟರ್ ಹತ್ತಿದಳು. ದಾರಿಯಲ್ಲಿ ಬಿದ್ದು ತೊಡೆಯ ಮೂಳೆ ಮುರಿಯಿತು. ಮತ್ತೆ ಆ ಕೆಲಸಕ್ಕೆ ಹೋಗಲಾಗಲಿಲ್ಲ.

ನಿಮ್ಮ ಅವ್ವ ಅಂದು ಉಣ್ಣಲಿಲ್ಲ. ಸಂಜೆಯೊಳಗೆ ತಪ್ಪು ಸಿಕ್ಕಿತು. ಅಳಿಸಿದ್ದು ಕಣ್ಣಿಗೆ ಕಾಣುತ್ತಿರಲಿಲ್ಲ ಅಷ್ಟೇ, ಒಳಗೆ ಹಾಗೇ ಉಳಿದು ಮೆಸೇಜಿಗೆ ಹೋಗುತ್ತಿತ್ತು. “ನಾ ಅವಸರ ಮಾಡಿದ್ನವ್ವಾ. ಯಾರರ ಒಬ್ಬರು ಹೇಳಿದ್ರ ಅವತ್ತ ಹಿಡೀತಿದ್ದೆ,” ಎಂದಳು.

ಆಗ ನಾನು ಮೊಬೈಲು ತೋರಿಸಿದೆ. ಅವಳು ಒಂದೊಂದೇ ಮೆಸೇಜು ತೆಗೆದು ಓದಿದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

“ಹೆಸರು ಯಾಕ ಬಂತು ಅಂತ ತಿಳೀತು. ಆದ್ರ ಹುಣಸಿಮರ ಅಂತ ಪಟ್ಟಿಯೊಳಗ ಸ್ಟಾಪ ಇಲ್ಲ. ನೀ ಹಾಕಿದ್ದೇನ?”

ನಾನು ಹಾಕಿರಲಿಲ್ಲ. ಅವಳೂ ಹಾಕಿರಲಿಲ್ಲ. ಎಲ್ಲ ತೆಗೆದು ಹುಡುಕಿದಳು, ಆ ಶಬ್ದ ಎಲ್ಲಿಯೂ ಸಿಗಲಿಲ್ಲ. ಮರುದಿನದಿಂದ ಮೆಸೇಜು ನಿಂತಿತು.

ರೇಣವ್ವ ಈಗ ಮಾರ್ಕೆಟ್ಟಿನಲ್ಲಿ ಕೂತು ಹೂ ಕಟ್ಟುತ್ತಾಳೆ. “ಬರ್ರಿ ಅಕ್ಕಾರ,” ಎಂದು ಪಕ್ಕದಲ್ಲಿ ಜಾಗ ಮಾಡಿಕೊಡುತ್ತಾಳೆ. ನಾನು ಮೆಸೇಜು ಮುಚ್ಚಿಟ್ಟಿದ್ದನ್ನು ಆಕೆಗೆ ಇನ್ನೂ ಹೇಳಿಲ್ಲ. ಹುಣಸೆಮರ ಎಲ್ಲಿಂದ ಬಂತೆಂದು ನನಗೆ ಇಂದಿಗೂ ತಿಳಿಯದು. ಗುರುವಾರಕ್ಕೆ ಮೊದಲಿನ ಆ ಮೂರು ದಿನ, ಅವರು ನನ್ನನ್ನು ನೋಡಲು ಬಂದರೆಂದೇ ಅಂದುಕೊಂಡಿದ್ದೆ. ಏನಾದರೂ ಹೇಳಲು ಬಂದಿದ್ದರೇ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ.